ಪ್ರತಿ ವರ್ಷ ಒಂದು ಹೊಸ ಗೊಂಬೆ

ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಎರಡು ರೂಢಿಗಳು ಜೊತೆಜೊತೆಯಾಗಿ ನಡೆದುಕೊಂಡು ಬಂದಿವೆ. ಮೊದಲನೆಯದು, ಮೇಲಿನ ಮೆಟ್ಟಿಲಲ್ಲಿ ಕಲಶದ ಪಕ್ಕ ಪಟ್ಟದ ಗೊಂಬೆಗಳೇ ಕೂರಬೇಕು. ರಕ್ತಚಂದನದಲ್ಲಿ ಕಡೆದ ಈ ರಾಜ-ರಾಣಿಯರ ಜೋಡಿ ಹೆಚ್ಚಾಗಿ ಮದುವೆಯಲ್ಲಿ ತವರಿನಿಂದ ಬಂದದ್ದು. ಬಣ್ಣ ಮಾಸಿ, ಮೂಗು ಸವೆದು ಹೋಗಿದ್ದರೂ ಅದರ ಜಾಗ ಅದಕ್ಕೇ. ಎರಡನೆಯದು, ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಬಂದು ಸೇರಬೇಕು. ಹೀಗಾಗಿಯೇ ಕೆಳಗಿನ ಮೆಟ್ಟಿಲುಗಳಲ್ಲಿ ಅಕ್ಕಿ, ಬೇಳೆ ರಾಶಿ ಹಾಕಿಕೊಂಡು ಕೂತ ಶೆಟ್ಟಿ-ಶೆಟ್ಟಮ್ಮರ ಪಕ್ಕ ಚನ್ನಪಟ್ಟಣದ ಮರದ ರೈಲು ನಿಲ್ಲುತ್ತದೆ, ಕ್ರಿಕೆಟ್ ತಂಡ ಬರುತ್ತದೆ, ಈಚಿನ ವರ್ಷಗಳಲ್ಲಿ ಚಂದ್ರಯಾನದ ರಾಕೆಟ್ಟೂ ಬಂದಿದೆ. ಹಳೆಯದನ್ನು ಮೇಲೆ ಕೂರಿಸಬೇಕು ಎಂದವರೂ ಹೊಸದನ್ನು ತರಲೇಬೇಕು ಎಂದವರೂ ಬೇರೆ ಬೇರೆ ಜನರಲ್ಲ, ಒಂದೇ ಮನೆಯ ಹಿರಿಯರು. ಹಬ್ಬದ ಬಗ್ಗೆ ನಾವು ಇಂದು ನಡೆಸುತ್ತಿರುವ ವಾಗ್ವಾದವನ್ನು ಅವರು ಯಾವತ್ತೋ ಬಗೆಹರಿಸಿಕೊಂಡಿದ್ದರು ಎಂದು ನನಗನ್ನಿಸುತ್ತದೆ.

ವಾಗ್ವಾದ ಎಲ್ಲರಿಗೂ ಗೊತ್ತಿರುವುದೇ. ಹಬ್ಬ ಹತ್ತಿರ ಬಂದಾಗಲೆಲ್ಲ ಮೊದಲಿನ ಕಳೆ ಈಗಿಲ್ಲ ಎಂಬ ಮಾತು ಬರುತ್ತದೆ. ಹಿರಿಯರಿಗೆ ಮಕ್ಕಳು ಏನನ್ನೂ ಉಳಿಸಿಕೊಳ್ಳುತ್ತಿಲ್ಲ ಎಂಬ ಕೊರಗು. ಕಿರಿಯರಿಗೆ ತಾವು ಹುಟ್ಟುವ ಮೊದಲೇ ಎಲ್ಲವೂ ನಿಗದಿಯಾಗಿ ಹೋಗಿದೆ, ತಮ್ಮ ಪಾಲಿಗೆ ಉಳಿದಿರುವುದು ಹೊಸ ಬಟ್ಟೆ ಹಾಕಿಕೊಂಡು ನಿಲ್ಲುವುದಷ್ಟೇ ಎಂಬ ಬೇಸರ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಸಂಪ್ರದಾಯವನ್ನು ಕೈಯಿಂದ ಕೈಗೆ ದಾಟಿಸುವ ಒಂದು ಸಿದ್ಧವಸ್ತು ಎಂದುಕೊಂಡಿದ್ದಾರೆ, ತೊಡಕು ಇರುವುದು ಅಲ್ಲೇ. ನನ್ನ ವಾದ ಇಷ್ಟು: ಮನೆಯ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಇರುವ ತನಕ ಆಚರಣೆ ಉಳಿಯುತ್ತದೆ, ಕೆಲಸ ಒಬ್ಬರ ತಲೆಯ ಮೇಲೆ ಬಿದ್ದು ಉಳಿದವರು ನೋಡುವವರಾದ ದಿನದಿಂದ ಅದು ಸೊರಗುತ್ತದೆ. ಆದ್ದರಿಂದ ಹಳೆಯದನ್ನು ಉಳಿಸಬೇಕೆನ್ನುವ ಮನೆ ಹೊಸದನ್ನು ಶುರು ಮಾಡಲೇಬೇಕು, ಅದನ್ನು ಕೆಲಸ ಹಂಚುವುದರಿಂದಲೇ ಶುರು ಮಾಡಬೇಕು.

ಮೊದಲು ಹಳೆಯದು ಎಷ್ಟು ಹಳೆಯದು ಎಂಬುದನ್ನು ನೋಡೋಣ. ಆಯುಧಪೂಜೆಯ ದಿನ ನಮ್ಮ ಯಾವ ಊರಿನ ಬೀದಿಯಲ್ಲಾದರೂ ಕಣ್ಣಿಗೆ ಮೊದಲು ಬೀಳುವುದು ಚೆಂಡುಹೂವು. ಲಾರಿಯ ಮೂತಿಗೆ, ಆಟೊದ ಕನ್ನಡಿಗೆ, ಹೊಲಿಗೆ ಯಂತ್ರಕ್ಕೆ, ಅಂಗಡಿಯ ಬಾಗಿಲಿಗೆ ಅದರದೇ ಹಾರ. ಚೆಂಡುಹೂವಿಲ್ಲದ ದಸರಾ ಇದ್ದೀತೆ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತೇವೆ. ಆದರೆ ಆ ಗಿಡದ ಮೂಲ ಮೆಕ್ಸಿಕೊ. ಕೊಲಂಬಸನ ನಂತರ ಸಮುದ್ರ ದಾಟಿ ಬಂದದ್ದು. ಅದೇ ದಾರಿಯಲ್ಲಿ ಬಂದ ಒಣಮೆಣಸಿನಕಾಯಿ ಇಲ್ಲದೆ ಒಬ್ಬಟ್ಟಿನ ಸಾರಿಲ್ಲ, ಗೋಡಂಬಿ ಇಲ್ಲದೆ ಪಾಯಸವಿಲ್ಲ. ಉಪವಾಸದ ದಿನ ತಿನ್ನುವ ಸಬ್ಬಕ್ಕಿಯನ್ನು ನಮ್ಮಲ್ಲಿ ಮಾಡುವುದು ಮರಗೆಣಸಿನಿಂದ, ಅದೂ ದಕ್ಷಿಣ ಅಮೆರಿಕದ್ದೇ. ಉತ್ತರ ಕರ್ನಾಟಕದ ಹಬ್ಬಕ್ಕೆ ಶೇಂಗಾ ಹೋಳಿಗೆ ಎಷ್ಟು ಸಹಜ ಅನ್ನಿಸುತ್ತದೋ ನೋಡಿ, ಶೇಂಗಾ ಕೂಡ ಅಲ್ಲಿಂದ ಬಂದ ಬೆಳೆ. ಇನ್ನು ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೇ ತೆಗೆದುಕೊಳ್ಳಿ. ಎಳ್ಳು ಈ ನೆಲದ್ದು, ಕಬ್ಬು ಬಹಳ ಹಳೆಯದು, ಕೊಬ್ಬರಿಯೂ ಹಾಗೇ. ಅವುಗಳ ಜೊತೆ ಕಡಲೆಕಾಯಿ ಬೀಜ ಯಾವುದೋ ಒಂದು ವರ್ಷ, ಯಾವುದೋ ಒಂದು ಮನೆಯಲ್ಲಿ, ಯಾರದೋ ಕೈಯಿಂದ ಮೊದಲ ಸಲ ಬಿದ್ದಿರಲೇಬೇಕು. ಆ ಕೈಯನ್ನು ತಡೆದವರು ಇದ್ದಿರಬಹುದು. ತಡೆದವರ ಮೊಮ್ಮಕ್ಕಳಿಗೆ ಅದು ಸಂಪ್ರದಾಯವೇ ಆಗಿಹೋಯಿತು.

ಊರ ಹಬ್ಬಗಳ ಕಥೆಯೂ ಹೀಗೆಯೇ ಇದೆ, ಇಲ್ಲಂತೂ ವರ್ಷಗಳ ದಾಖಲೆಯೂ ಸಿಗುತ್ತದೆ. ವಿಜಯನಗರದ ಮಹಾನವಮಿಯ ವೈಭವವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿಗಳಾದ ಪಾಯೆಸ್ ಮತ್ತು ನೂನಿಜ್ ಬರೆದಿಟ್ಟಿದ್ದಾರೆ. ಆ ಸಾಮ್ರಾಜ್ಯ ಕುಸಿದ ಮೇಲೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1805ರಲ್ಲಿ, ಮೈಸೂರಿನ ವಿಶೇಷ ದರ್ಬಾರು ಶುರುವಾಯಿತು. ರಾಜಧನ ರದ್ದಾದ ಆಸುಪಾಸಿನಲ್ಲಿ, 1970ರ ದಶಕದ ಆರಂಭಕ್ಕೆ, ಅಂಬಾರಿಯಲ್ಲಿ ಮಹಾರಾಜರು ಕೂರುವುದು ನಿಂತು ಚಾಮುಂಡೇಶ್ವರಿ ಕೂತಳು. ಇಂದು ಜಂಬೂ ಸವಾರಿ ನೋಡಲು ಬೆಳಗಿನಿಂದ ರಸ್ತೆ ಬದಿ ಕಾದು ಕೂರುವ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿಗೆ ಅಂಬಾರಿ ಎಂದರೆ ತಾಯಿ ಚಾಮುಂಡಿಯೇ, ಬೇರೆ ಯಾರನ್ನೂ ಅಲ್ಲಿ ಕಲ್ಪಿಸಿಕೊಳ್ಳಲಾರರು. ಐವತ್ತು ಚಿಲ್ಲರೆ ವರ್ಷ ಸಾಕಾಯಿತು. ಮನೆಯೊಳಗಿದ್ದ ಗಣೇಶನನ್ನು ಬೀದಿಯ ಚಪ್ಪರಕ್ಕೆ ತಂದ ಸಾರ್ವಜನಿಕ ಗಣೇಶೋತ್ಸವಕ್ಕೆ 1893ರಲ್ಲಿ ಪುಣೆಯಲ್ಲಿ ಬಾಲಗಂಗಾಧರ ತಿಲಕರು ರೂಪ ಕೊಟ್ಟರು. ಯುಗಾದಿಯ ಬೆಳಗಿನಲ್ಲಿ ಕನ್ನಡದ ಮನೆಗಳಲ್ಲಿ ಕೇಳಿಬರುವ ಬೇಂದ್ರೆಯವರ ಕವಿತೆ ‘ಕುಲವಧು’ ಚಿತ್ರದ ಮೂಲಕ ಮನೆಮನೆಯ ಹಾಡಾದದ್ದು 1963ರಲ್ಲಿ. ಬೇವು-ಬೆಲ್ಲದ ಜೊತೆ ಆ ಹಾಡೂ ಇರಬೇಕು ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ, ಜನ ತಾವಾಗಿ ಸೇರಿಸಿಕೊಂಡರು.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಂಗಳೂರಿನ ಕುದ್ರೋಳಿ. ದೇವಸ್ಥಾನದ ಒಳಗೆ ಕಾಲಿಡಲು ಬಿಡದ ಕಾಲದಲ್ಲಿ ಬಿಲ್ಲವ ಸಮಾಜದವರು ತಮ್ಮದೇ ಗುಡಿ ಕಟ್ಟಿಕೊಂಡರು, ಸಮಾಜ ಸುಧಾರಕ ನಾರಾಯಣ ಗುರುಗಳು 1912ರಲ್ಲಿ ಬಂದು ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅಲ್ಲಿಂದ ಹೊರಡುವ ದಸರಾ ಮೆರವಣಿಗೆಯನ್ನು ಇಂದು ಇಡೀ ಊರು ‘ಮಂಗಳೂರು ದಸರಾ’ ಎಂದು ಕರೆಯುತ್ತದೆ. ಅದೇ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ಹಬ್ಬದ ದಿನ ಎದುರು ಬರಬಾರದು ಎಂದು ಯಾರನ್ನು ಒಳಕೋಣೆಗೆ ಕಳಿಸುತ್ತಿದ್ದರೋ ಅವರ ಕೈಯಿಂದಲೇ ಜನ ತೀರ್ಥ-ಪ್ರಸಾದ ತೆಗೆದುಕೊಳ್ಳುವಂತಾಯಿತು. ಒಂದು ದೇವಸ್ಥಾನ ಇಷ್ಟು ಮಾಡಬಹುದಾದರೆ, ಅರಿಶಿನ-ಕುಂಕುಮಕ್ಕೆ ಕರೆಯುವಾಗ ಪಕ್ಕದ ಮನೆಯ ಗಂಡನಿಲ್ಲದ ಹೆಣ್ಣುಮಗಳನ್ನೂ ಕರೆಯಲು ಒಂದು ಮನೆಗೆ ಯಾರ ಅಪ್ಪಣೆ ಬೇಕು?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಊರು, ದೇವಸ್ಥಾನ, ಅರಸು ಬದಲಾಯಿಸಿದರೆ ಅದು ಬೇರೆ, ಮನೆಯ ಪದ್ಧತಿ ಹಿರಿಯರಿಂದ ಬಂದದ್ದು, ಅದನ್ನು ಮುಟ್ಟಬಾರದು ಎಂದು. ‘ನಮ್ಮಲ್ಲಿ ಅದು ರೂಢಿಯಿಲ್ಲ’, ‘ನಮ್ಮ ಮನೆತನಕ್ಕೆ ಅದು ಆಗಿಬರೋದಿಲ್ಲ’ ಎಂಬ ಎರಡು ಮಾತುಗಳಿಂದ ಎಷ್ಟೋ ಹೊಸ ಆಸೆಗಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಹೋಗುತ್ತವೆ. ಈ ಮಾತಿನ ಹಿಂದಿರುವ ಗೌರವವನ್ನು ನಾನು ತಳ್ಳಿಹಾಕುವುದಿಲ್ಲ. ಯಾರೋ ಅಜ್ಜಿ ಹೀಗೆ ಮಾಡುತ್ತಿದ್ದಳು, ಆದ್ದರಿಂದ ನಾವೂ ಹೀಗೆ ಮಾಡುತ್ತೇವೆ ಎನ್ನುವುದರಲ್ಲಿ ತೀರಿಹೋದವರ ಜೊತೆಗಿನ ನಂಟು ಉಳಿದಿರುತ್ತದೆ, ಅದನ್ನು ಕಡಿಯಲು ಹೊರಡುವುದು ಕ್ರೌರ್ಯ. ಆದರೆ ಮುಟ್ಟಬಾರದು ಎಂಬ ನಿಯಮ ನಮ್ಮ ಮನೆಗಳಲ್ಲಿ ಎಲ್ಲರಿಗೂ ಒಂದೇ ಸಮನಾಗಿ ಎಂದೂ ಅನ್ವಯವಾಗಿಲ್ಲ. ಹುಟ್ಟಿದ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಒಂದು ಬಗೆಯ ಹಬ್ಬ ಮಾಡಿಕೊಂಡು ಬೆಳೆದ ಹುಡುಗಿ ಮದುವೆಯಾದ ಮರುದಿನದಿಂದ ಬೇರೆ ಬಗೆಯ ಹಬ್ಬ ಮಾಡಬೇಕು. ಅಲ್ಲಿ ಹೋಳಿಗೆಗೆ ಕಡಲೆಬೇಳೆ, ಇಲ್ಲಿ ತೊಗರಿಬೇಳೆ. ಅಲ್ಲಿ ಗೌರಿಯನ್ನು ಕೂರಿಸುತ್ತಿದ್ದರು, ಇಲ್ಲಿ ಗೌರಿಯಿಲ್ಲ, ಬರೀ ಗಣೇಶ. ಅಲ್ಲಿ ಯುಗಾದಿಯ ಮರುದಿನ ಹೊಸತೊಡಕಿನ ಮಾಂಸದೂಟ, ಇಲ್ಲಿ ಅದರ ಹೆಸರೆತ್ತುವಂತಿಲ್ಲ. ಇಡೀ ಒಂದು ಸಂಪ್ರದಾಯವನ್ನು ಒಂದೇ ದಿನದಲ್ಲಿ ಬಿಟ್ಟು ಇನ್ನೊಂದನ್ನು ಹಿಡಿಯುವುದು ಸಾಧ್ಯ ಎಂದು ನಮ್ಮ ಸಮಾಜ ಅವಳಿಂದ ನಿರೀಕ್ಷಿಸಿತು, ಅವಳು ಮಾಡಿಯೂ ತೋರಿಸಿದಳು. ಹಾಗಿರುವಾಗ ಅವಳ ತವರಿನ ಒಂದು ಅಡುಗೆ, ಒಂದು ಹಾಡು, ದೀಪ ಹಚ್ಚುವ ಒಂದು ಕ್ರಮ ಈ ಮನೆಗೂ ಬರಲಿ ಎಂದರೆ ಮನೆತನಕ್ಕೆ ಆಗಿಬರೋದಿಲ್ಲ ಎನ್ನುವುದು ನ್ಯಾಯವಲ್ಲ. ಹೊಸದಾಗಿ ಮದುವೆಯಾದವರಿಗೆ ನಾನು ಧೈರ್ಯವಾಗಿ ಹೇಳಬಹುದಾದ ಮಾತೊಂದಿದೆ. ನಿಮ್ಮ ಮನೆಯ ಮೊದಲ ಹೊಸ ಸಂಪ್ರದಾಯಕ್ಕಾಗಿ ಎಲ್ಲೂ ಹುಡುಕಬೇಕಿಲ್ಲ, ಇಬ್ಬರ ಮನೆಯಿಂದಲೂ ಒಂದೊಂದನ್ನು ತಂದು ಒಂದೇ ಹಬ್ಬದಲ್ಲಿ ಸೇರಿಸಿ, ಅದು ಬೇರೆ ಯಾವ ಮನೆಯಲ್ಲೂ ಇಲ್ಲದ ಹಬ್ಬವಾಗುತ್ತದೆ.

ಇನ್ನು ಕೆಲಸದ ಮಾತು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಆ ಕೆಲಸದಲ್ಲಿ ದಿನದ ಒಂದಷ್ಟು ಹೊತ್ತಾದರೂ ಕೈ ಹಾಕುವ ಹೆಂಗಸರ ಪ್ರಮಾಣ ಶೇ 81.2 ಇದ್ದರೆ ಗಂಡಸರದು ಶೇ 26.1 ಮಾತ್ರ ಇತ್ತು. ಇದು ದಿನದ ಸರಾಸರಿ ಲೆಕ್ಕ. ಹಬ್ಬದ ದಿನ ಇದರ ಮೇಲೆ ಏನೇನು ಸೇರುತ್ತದೆ ಎಂಬುದು ಗೊತ್ತಿರುವುದೇ: ಹಿಂದಿನ ದಿನ ಮನೆ ತೊಳೆದು, ಪೂಜೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ತಲೆಗೆ ನೀರು ಹಾಕಿಕೊಂಡು, ರಂಗೋಲಿ ಇಟ್ಟು, ಹೂರಣ ರುಬ್ಬಿ, ಮಡಿಯಲ್ಲಿ ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ಕೊನೆಯ ಪಂಕ್ತಿಯಲ್ಲಿ ಕೂತು ಉಳಿದ ಪಲ್ಯವನ್ನು ಹಂಚಿಕೊಂಡು ತಿನ್ನುವುದು. ಹಬ್ಬ ನಿಂತುಹೋಗುತ್ತಿದೆ ಎಂದು ಕೊರಗುವವರು ಈ ಪಟ್ಟಿಯನ್ನು ಒಮ್ಮೆ ಓದಬೇಕು. ಕಾಲದ ಪ್ರಭಾವವೋ, ಪಾಶ್ಚಾತ್ಯ ಗಾಳಿಯೋ ಎಂದು ದೂರದ ಕಾರಣಗಳನ್ನು ಹುಡುಕುವ ಮೊದಲು, ಒಬ್ಬಳೇ ಹೊತ್ತಿದ್ದ ಭಾರವನ್ನು ಅವಳು ಇಳಿಸಿದ್ದಾಳೆ ಎಂಬ ಹತ್ತಿರದ ಕಾರಣವನ್ನು ನೋಡಬೇಕು. ಅವಳ ಮಗಳು ಅದನ್ನು ಎತ್ತಿಕೊಳ್ಳಲು ಹಿಂಜರಿದರೆ ಅದರಲ್ಲಿ ತಪ್ಪಿಲ್ಲ, ತಾಯಿ ದಣಿದದ್ದನ್ನು ಅವಳು ಕಣ್ಣಾರೆ ನೋಡಿದ್ದಾಳೆ.

ಸಂಕ್ರಾಂತಿಯ ಎಳ್ಳು ಬೆರೆಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಹಂಚಿಕೊಂಡ ಕೆಲಸ ಏನನ್ನು ಕೊಡುತ್ತದೆ ಎಂಬುದು ತಿಳಿಯುತ್ತದೆ. ಕೊಬ್ಬರಿ ಬಟ್ಟಲಿನ ಹೊರಗಿನ ಕಂದು ಸಿಪ್ಪೆಯನ್ನು ಹೆರೆದು, ಬೆಳ್ಳಗಿನ ಭಾಗವನ್ನು ತೆಳ್ಳಗೆ ಸೀಳಿ, ಮತ್ತೆ ಅಡ್ಡಡ್ಡ ಕತ್ತರಿಸಬೇಕು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕೊಬ್ಬರಿಯಷ್ಟೇ ಚಿಕ್ಕ ಚೂರು ಮಾಡಿ ಬಿಸಿಲಿಗೆ ಹರವಬೇಕು, ಇಲ್ಲದಿದ್ದರೆ ನೀರೊಡೆದು ಅಂಟಿಕೊಳ್ಳುತ್ತದೆ. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಸಿಪ್ಪೆ ಊದಿ, ಎರಡು ಹೋಳು ಮಾಡಬೇಕು. ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿದು ತಕ್ಷಣ ಇಳಿಸಬೇಕು. ಇವುಗಳಲ್ಲಿ ಬೀಜದ ಸಿಪ್ಪೆ ಊದುವುದು ಐದು ವರ್ಷದ ಮಗುವಿನ ಕೆಲಸ, ಬೆಲ್ಲ ಕತ್ತರಿಸುವುದಕ್ಕೆ ಗಟ್ಟಿ ಕೈ ಬೇಕು, ಬಿಸಿಲಲ್ಲಿ ಕಾಗೆ ಓಡಿಸುತ್ತಾ ಕೂರುವುದು ಅಜ್ಜನಿಗೆ ಆಗುತ್ತದೆ. ಒಂದು ವಾರ ಸಂಜೆ ಸಂಜೆ ಎಲ್ಲರೂ ಒಂದು ತಟ್ಟೆಯ ಸುತ್ತ ಕೂರುತ್ತಿದ್ದ ಕಾಲದಲ್ಲಿ ಸಂಕ್ರಾಂತಿ ಒಂದು ವಾರದ ಹಬ್ಬವಾಗಿತ್ತು. ಈಗ ಅದು ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುತ್ತದೆ. ಪೊಟ್ಟಣ ಕೊಂಡವರನ್ನು ನಾನು ದೂರುತ್ತಿಲ್ಲ, ಒಬ್ಬಳೇ ಕೂತು ಇಷ್ಟೆಲ್ಲ ಮಾಡುವುದಕ್ಕಿಂತ ಕೊಳ್ಳುವುದೇ ಮೇಲು. ಆದರೆ ನಾಲ್ಕು ಜನರಿರುವ ಮನೆ ಮನಸ್ಸು ಮಾಡಿದರೆ ಕೊಬ್ಬರಿಯೊಂದನ್ನಾದರೂ ತಾವೇ ಕತ್ತರಿಸಬಹುದು.

ಕೈಯಿಂದ ಮಾಡಿದ್ದಕ್ಕೆ ಮನಸ್ಸು ಹೆಚ್ಚು ಬೆಲೆ ಕಟ್ಟುತ್ತದೆ ಎಂಬುದು ಬರೀ ನಂಬಿಕೆಯ ಮಾತಲ್ಲ. ಸಂಶೋಧಕ ಮೈಕೆಲ್ ನಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾಗದ ಮಡಚಿ ಮಾಡಿದ ಆಟಿಕೆ, ತಾವೇ ಜೋಡಿಸಿದ ಪೆಟ್ಟಿಗೆ ಇಂಥವಕ್ಕೆ ಮಾಡಿದವರೇ ಬೇರೆಯವರಿಗಿಂತ ಹೆಚ್ಚಿನ ಬೆಲೆ ಕಟ್ಟಿದರು. ಅದನ್ನು ಪೂರ್ತಿ ಮಾಡಲು ಬಿಡದಿದ್ದಾಗ ಆ ಅಕ್ಕರೆ ಹುಟ್ಟಲಿಲ್ಲ. ಮಗುವಿಗೆ ರಂಗೋಲಿಯ ನಾಲ್ಕು ಗೆರೆ ಎಳೆಯಲು ಕೊಟ್ಟು, ಸೊಟ್ಟಗಾಯಿತೆಂದು ಅಳಿಸಿ ತಾವೇ ತಿದ್ದಿ ಬರೆಯುವ ಹಿರಿಯರು ಈ ಮಾತನ್ನು ಗಮನಿಸಬೇಕು. ಇನ್ನೊಂದು ಅಧ್ಯಯನವೂ ಇದೆ. ಕುಟುಂಬದ ದಿನಚರಿ ಮತ್ತು ಆಚರಣೆಗಳ ಮೇಲೆ 50 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಜೊತೆಗಾರರು 2002ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಇಂಥ ಆಚರಣೆಗಳಿರುವ ಮನೆಗಳಲ್ಲಿ ಮಕ್ಕಳ ಹೊಂದಾಣಿಕೆ, ದಂಪತಿಯ ನೆಮ್ಮದಿ ಇವೂ ಉತ್ತಮವಾಗಿರುವುದನ್ನು ಅವರು ಕಂಡರು. ಆಚರಣೆಯಿಂದ ನೆಮ್ಮದಿ ಬಂತೋ, ನೆಮ್ಮದಿಯಿರುವ ಮನೆಗಳು ಆಚರಣೆ ಇಟ್ಟುಕೊಂಡವೋ ಎಂದು ಇಂಥ ಹೋಲಿಕೆಗಳಿಂದ ಖಚಿತವಾಗಿ ಹೇಳಲಾಗುವುದಿಲ್ಲ. ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂದು ತಿಳಿಯುವುದು ಲೇಸು.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಹೊಸದನ್ನು ಶುರು ಮಾಡಿ ಎಂದರೆ ನಾಳೆ ಮಾರುಕಟ್ಟೆಯೇ ಬಂದು ಶುರು ಮಾಡಿಸುತ್ತದೆ, ಒಂದೇ ಬಣ್ಣದ ಬಟ್ಟೆ, ಹಿಂದೆ ಹೂವಿನ ಗೋಡೆ, ಫೋಟೊಗ್ರಾಫರ್, ಬೆಳ್ಳಿಯ ಮುಖವಾಡ ಇವೇ ಹೊಸ ಸಂಪ್ರದಾಯಗಳಾಗುತ್ತವೆ ಎಂಬ ಭಯ. ಇದು ಆಗುತ್ತಿರುವುದನ್ನು ವರಮಹಾಲಕ್ಷ್ಮಿ ಹಬ್ಬದಲ್ಲಿ ನೋಡುತ್ತಿದ್ದೇವೆ. ಕಳಶ, ಹೂವು, ಹಣ್ಣು, ಸಜ್ಜಿಗೆಯಲ್ಲಿ ಮುಗಿಯುತ್ತಿದ್ದ ವ್ರತ ಎಷ್ಟೋ ಮನೆಗಳಲ್ಲಿ ಅಲಂಕಾರದ ಪೈಪೋಟಿಯಾಗಿದೆ, ಹಬ್ಬದ ಹಿಂದಿನ ದಿನ ಕನಕಾಂಬರ ಕೆಜಿಗೆ ಸಾವಿರ ರೂಪಾಯಿ ದಾಟುವುದು ಮಾಮೂಲಿ ಸುದ್ದಿಯಾಗಿದೆ. ಪಟಾಕಿಯ ಕಥೆಯೂ ಇಂಥದ್ದೇ. ವಿಜಯನಗರದ ಮಹಾನವಮಿಯಲ್ಲಿ ಬಾಣಬಿರುಸು ಇತ್ತು ನಿಜ, ಆದರೆ ಅದು ಅರಮನೆಯ ವೈಭವ. ಮನೆಮನೆಯ ಬಾಗಿಲಲ್ಲಿ ಮಕ್ಕಳು ಪೆಟ್ಟಿಗೆಗಟ್ಟಲೆ ಪಟಾಕಿ ಹೊಡೆಯುವ ರೂಢಿ ಶಿವಕಾಶಿಯ ಕಾರ್ಖಾನೆಗಳ ಜೊತೆ 20ನೇ ಶತಮಾನದಲ್ಲಿ ಬೆಳೆದದ್ದು. ದೀಪಾವಳಿಯ ರಾತ್ರಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಮಕ್ಕಳನ್ನು ಎತ್ತಿಕೊಂಡು ಓಡುವುದು ಪ್ರತಿ ವರ್ಷವೂ ಇದೆ, 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಹತ್ತಾರು ಮನೆಗಳ ದೀಪ ಆರಿತು. ಸುಪ್ರೀಂ ಕೋರ್ಟು 2018ರಲ್ಲಿ ಪಟಾಕಿಗೆ ರಾತ್ರಿ 8ರಿಂದ 10ರ ಮಿತಿ ಹಾಕಿದಾಗ ಇದು ನಮ್ಮ ಸಂಪ್ರದಾಯದ ಮೇಲಿನ ದಾಳಿ ಎಂದವರಿದ್ದರು. ಮಾರುಕಟ್ಟೆ ಕೊಟ್ಟದ್ದನ್ನು ಎರಡು ಮೂರು ತಲೆಮಾರುಗಳಲ್ಲಿ ನಾವು ಪವಿತ್ರವೆಂದು ಕಾಯತೊಡಗಿದ್ದೇವೆ.

ಈ ಭಯ ನಿಜವಾದದ್ದರಿಂದಲೇ ನಾನು ಕೆಲಸದ ಮಾತನ್ನು ಮುಂದಿಡುತ್ತಿದ್ದೇನೆ. ಮನೆ ತಾನಾಗಿ ಹೊಸದನ್ನು ಹುಟ್ಟಿಸದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಅಂಗಡಿ ಬಂದು ಕೂರುತ್ತದೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಇದರಲ್ಲಿ ನಮ್ಮ ಮನೆಯ ಮಗು, ಮುದುಕರು, ಗಂಡಸರು ಏನು ಮಾಡುತ್ತಾರೆ? ದುಡ್ಡು ಕೊಟ್ಟು ನಿಂತು ನೋಡುತ್ತಾರೆ ಎಂಬುದು ಉತ್ತರವಾದರೆ ಅದು ಬೇಡ. ಗಣೇಶನ ವಿಷಯದಲ್ಲೇ ನೋಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಮೂರ್ತಿಗಳಿಂದ ಕೆರೆಗಳು ಹಾಳಾಗುವುದನ್ನು ತಡೆಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ತಂದು 2020ರಲ್ಲಿ ಅದನ್ನು ಬಿಗಿಗೊಳಿಸಿತು. ಆದರೆ ಆದೇಶಕ್ಕಿಂತ ಹೆಚ್ಚಿನದನ್ನು ಮಾಡುತ್ತಿರುವುದು ಶಾಲೆ, ಬಡಾವಣೆಗಳಲ್ಲಿ ಮಕ್ಕಳಿಗೆ ಜೇಡಿಮಣ್ಣು ಕೊಟ್ಟು ಗಣೇಶನನ್ನು ಮಾಡಿಸುವ ಹೊಸ ರೂಢಿ. ಆ ಗಣೇಶನ ಸೊಂಡಿಲು ಮುರಿದಿರಬಹುದು, ಹೊಟ್ಟೆ ಒಂದು ಕಡೆಗೆ ವಾಲಿರಬಹುದು. ಆದರೂ ತಾನು ಮಾಡಿದ ಗಣೇಶನನ್ನೇ ಪೂಜೆಗೆ ಇಡಬೇಕು ಎಂದು ಹಟ ಹಿಡಿಯುವ ಮಗು ಇರುವ ಮನೆಯಲ್ಲಿ ಆ ಹಬ್ಬ ಇನ್ನು ಅರವತ್ತು ವರ್ಷ ನಡೆಯುತ್ತದೆ. ಬಕೆಟ್ಟಿನ ನೀರಿನಲ್ಲಿ ಕರಗಿಸಿದ ಆ ಮಣ್ಣನ್ನು ತುಳಸಿಯ ಬುಡಕ್ಕೆ ಹಾಕುವುದನ್ನೂ ಅದೇ ಮಗುವಿಗೆ ಬಿಟ್ಟರೆ ಇನ್ನೂ ಒಳ್ಳೆಯದು.

ಮೂರನೆಯ ಆಕ್ಷೇಪ ಸಮಯದ್ದು, ದೂರದ್ದು. ಮಗ ಪುಣೆಯಲ್ಲಿ, ಮಗಳು ಡಲ್ಲಾಸಿನಲ್ಲಿ, ಅಪ್ಪ-ಅಮ್ಮ ದಾವಣಗೆರೆಯಲ್ಲಿ, ಯಾರನ್ನು ಕೂರಿಸಿಕೊಂಡು ಹಬ್ಬ ಮಾಡುವುದು? ಹಬ್ಬಕ್ಕೆ ಕೆಎಸ್‌ಆರ್‌ಟಿಸಿ ಎಷ್ಟು ಹೆಚ್ಚುವರಿ ಬಸ್ಸು ಬಿಟ್ಟರೂ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಸೀಟಿಗಾಗಿ ನುಗ್ಗಾಟ ತಪ್ಪುವುದಿಲ್ಲ, ರಜೆ ಮಾತ್ರ ಒಂದೇ ದಿನ. ಇದಕ್ಕೆ ಹೊರನಾಡ, ಹೊರದೇಶದ ಕನ್ನಡಿಗರು ಸದ್ದಿಲ್ಲದೆ ಒಂದು ಉತ್ತರ ಕಂಡುಕೊಂಡಿದ್ದಾರೆ. ಅಮೆರಿಕದ ಕನ್ನಡ ಕೂಟಗಳಲ್ಲಿ ಯುಗಾದಿ ಬರುವುದು ಪಂಚಾಂಗದ ದಿನಕ್ಕೆ ಹತ್ತಿರದ ಶನಿವಾರ. ಒಂದೊಂದು ಮನೆಯವರು ಒಂದೊಂದು ಅಡುಗೆ ತರುತ್ತಾರೆ, ಚಿತ್ರಾನ್ನ ತರುವವರು ಬೇರೆ, ಕೋಸಂಬರಿ ತರುವವರು ಬೇರೆ, ಗಂಡಸರೂ ಸೌಟು ಹಿಡಿದು ಬಡಿಸುತ್ತಾರೆ. ತಿಥಿ ತಪ್ಪಿತು ಎಂದು ಬೇಸರ ಪಡುವವರ ಮಾತು ನನಗೆ ಅರ್ಥವಾಗುತ್ತದೆ, ಆದರೂ ಅಲ್ಲಿ ತಿಥಿಯನ್ನು ಸಡಿಲಿಸಿ ಕೆಲಸವನ್ನು ಹಂಚಿಕೊಂಡರು ಎಂಬುದು ಗಮನಿಸಬೇಕಾದ ಸಂಗತಿ. ದಾವಣಗೆರೆಯ ಆ ಮನೆ ತಿಥಿಯ ದಿನ ಪೂಜೆ ಮುಗಿಸಿಕೊಂಡು, ಎಲ್ಲರೂ ಸೇರುವ ದಿನ ಯಾವುದೋ ಅದನ್ನೇ ತಮ್ಮ ಮನೆಯ ಹಬ್ಬವೆಂದು ಗೊತ್ತು ಮಾಡಿಕೊಳ್ಳಲಿ. ಅದು ಡಿಸೆಂಬರಿನ ಕೊನೆಯ ಭಾನುವಾರವಾದರೂ ಸರಿ, ಅಜ್ಜನ ಶ್ರಾದ್ಧದ ಮರುದಿನವಾದರೂ ಸರಿ, ಪ್ರತಿ ವರ್ಷ ಅದೇ ದಿನ ಆಗಬೇಕು ಅಷ್ಟೇ. ಪ್ರತಿ ವರ್ಷ ಹೊಸದಾಗಿ ದಿನ ಹುಡುಕುವ ಹಬ್ಬಕ್ಕೆ ಯಾರೂ ಕಾಯುವುದಿಲ್ಲ.

ಉಳಿದದ್ದು ನಾಲ್ಕನೆಯ ಆಕ್ಷೇಪ, ಇದಕ್ಕೆ ಉತ್ತರ ಕೊಡುವುದು ಎಲ್ಲಕ್ಕಿಂತ ಕಷ್ಟ. ಪ್ರತಿ ಮನೆಯೂ ತನ್ನದೇ ಹೊಸ ಸಂಪ್ರದಾಯ ಮಾಡಿಕೊಂಡರೆ ಊರಿಗೆ ಸೇರಿದ ಹಬ್ಬ ಎಲ್ಲಿ ಉಳಿಯುತ್ತದೆ? ಕಾಂಪೌಂಡಿನೊಳಗೆ ಒಬ್ಬೊಬ್ಬರು ಒಂದೊಂದು ಹಬ್ಬ ಮಾಡಿಕೊಂಡು ಕೂತರೆ ಪಕ್ಕದ ಮನೆಯವರ ಪಾಲೇನು? ಈ ಅಪಾಯ ಇದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಳೆಯ ಹಬ್ಬಗಳ ದೊಡ್ಡ ಗುಣ ಅವು ಹೊಸ್ತಿಲು ದಾಟುತ್ತಿದ್ದವು ಎಂಬುದು. ಕಲಬುರಗಿ, ವಿಜಯಪುರದ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿದ ಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬಿನ ಬುತ್ತಿ ಬಿಚ್ಚಿದಾಗ ಹೊಲವಿಲ್ಲದವರನ್ನೂ, ದಾರಿಯಲ್ಲಿ ಸಿಕ್ಕವರನ್ನೂ ಕೂರಿಸಿ ಉಣ್ಣಿಸುವುದು ರೀತಿ. ಮಲೆನಾಡಿನ ದೀಪಾವಳಿಯಲ್ಲಿ ಅಂಟಿಕೆ-ಪಂಟಿಕೆಯವರು ದೀಪ ಹಿಡಿದು ರಾತ್ರಿಯೆಲ್ಲ ಹಾಡುತ್ತಾ ಮನೆಯಿಂದ ಮನೆಗೆ ಹೋಗುತ್ತಾರೆ. ಕರಾವಳಿಯ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಮನೆಗೆ ತರುತ್ತಾರೆ, ಅದರ ಬೇರು ಅದೇ ನೆಲದ ಹೊಸಕ್ಕಿ ಊಟದಲ್ಲಿದೆ. ಕ್ರಿಸ್ಮಸ್ಸಿಗೆ ಅವರು ಮಾಡುವ ಕುಸ್ವಾರ್ ತಿಂಡಿಗಳ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಸಂಕ್ರಾಂತಿಯ ಸಂಜೆ ಹೊಸ ಲಂಗ ಉಟ್ಟು ಎಳ್ಳು ಬೀರಲು ಹೊರಟ ಹುಡುಗಿಯರು ಇಡೀ ಬೀದಿಯ ಬಾಗಿಲುಗಳನ್ನು ತಟ್ಟುತ್ತಿದ್ದರು, ದಸರಾದಲ್ಲಿ ಗೊಂಬೆ ನೋಡಲು ಬಂದ ಮಕ್ಕಳಿಗೆಲ್ಲ ಯಾರ ಮನೆಯವರು ಎಂದು ಕೇಳದೆ ಗೊಂಬೆ ಬಾಗಿನ ಸಿಗುತ್ತಿತ್ತು.

ಹಾಗಾಗಿ ಹೊಸದಕ್ಕೆ ನಾನು ಇನ್ನೊಂದು ಷರತ್ತು ಸೇರಿಸುತ್ತೇನೆ, ಅದರಲ್ಲಿ ಮನೆಯ ಹೊರಗಿನ ಒಬ್ಬರಿಗಾದರೂ ಜಾಗ ಇರಬೇಕು. ಅಪಾರ್ಟ್‌ಮೆಂಟಿನಲ್ಲಿ ಹೆಸರು ಗೊತ್ತಿಲ್ಲದ ಎದುರು ಮನೆಯವರ ಬಾಗಿಲಿಗೆ ಎಳ್ಳಿನ ಪೊಟ್ಟಣ ಹಿಡಿದು ಮಗುವನ್ನು ಕಳಿಸುವುದು ಒಂದು ಆರಂಭ. ಎಳ್ಳು ಬೀರುವುದು ಹೆಣ್ಣುಮಕ್ಕಳದಷ್ಟೇ ಆಗಬೇಕಿಲ್ಲ, ಗಂಡುಹುಡುಗನೂ ತಟ್ಟೆ ಹಿಡಿದು ಹೋಗಲಿ. ಕಾವಲುಗಾರ, ಮನೆಗೆಲಸಕ್ಕೆ ಬರುವಾಕೆ, ಊರಿಗೆ ಹೋಗಲಾಗದೆ ಪಿಜಿಯಲ್ಲಿ ಉಳಿದ ಹುಡುಗರು, ಇವರಲ್ಲಿ ಒಬ್ಬರನ್ನು ಪ್ರತಿ ಹಬ್ಬಕ್ಕೂ ಊಟಕ್ಕೆ ಕರೆದು ಪಂಕ್ತಿಯಲ್ಲಿ ಜೊತೆಗೆ ಕೂರಿಸುವ ಮನೆ ಊರ ಹಬ್ಬವನ್ನು ಒಡೆಯುವುದಿಲ್ಲ. ಬಡಾವಣೆಯಲ್ಲಿ ಊರೇ ಇಲ್ಲದಿರುವಾಗ ಅದು ಊರನ್ನು ಕಟ್ಟುತ್ತದೆ.

ಇಷ್ಟಾದ ಮೇಲೆ ಎಲ್ಲಿಂದ ಶುರು ಮಾಡುವುದು ಎಂಬುದು ಬಹಳ ಸಣ್ಣ ವಿಷಯ. ವರ್ಷಕ್ಕೆ ಒಂದೇ ಹೊಸದು ಸಾಕು, ಹಬ್ಬವನ್ನೇ ತಿರುವಿ ಹಾಕಲು ಹೊರಟವರು ಮರುವರ್ಷ ಸುಸ್ತಾಗಿ ಕೈಬಿಡುತ್ತಾರೆ. ಆ ಒಂದರ ಯಜಮಾನಿಕೆಯನ್ನು ಮನೆಯಲ್ಲಿ ಈವರೆಗೆ ಹಬ್ಬದ ದಿನ ಕೈಕಟ್ಟಿ ಕೂತವರಿಗೆ ಕೊಡಬೇಕು. ಯುಗಾದಿಯ ಒಬ್ಬಟ್ಟು ಅಪ್ಪನ ಜವಾಬ್ದಾರಿ ಎಂದಾದರೆ ಮೊದಲ ವರ್ಷ ಕಣಕ ಹರಿಯುತ್ತದೆ, ಹೂರಣ ಹೊರಗೆ ಬರುತ್ತದೆ, ಹಂಚಿಗೆ ಅಂಟುತ್ತದೆ. ಹರಿದ ಒಬ್ಬಟ್ಟನ್ನು ತಿಂದು ಮುಗಿಸಿ ಮರುವರ್ಷವೂ ಅವರಿಗೇ ಲಟ್ಟಣಿಗೆ ಕೊಡಬೇಕು, ನಡುವೆ ಕೈ ಹಾಕಿ ಕಸಿದುಕೊಳ್ಳಬಾರದು. ಅಜ್ಜಿಗೆ ಅಡುಗೆಯಿಂದ ಬಿಡುಗಡೆ ಕೊಟ್ಟು, ಅವಳು ಕಂಡ ಹಬ್ಬಗಳ ಕಥೆ ಹೇಳುವುದನ್ನು ಅವಳ ಕೆಲಸವಾಗಿ ಮಾಡಬಹುದು, ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಬಹುದು. ಎರಡು ಮೂರು ವರ್ಷ ಪ್ರಯತ್ನಿಸಿದ ಮೇಲೂ ಯಾರ ಮನಸ್ಸಿಗೂ ಹತ್ತದ ಹೊಸದನ್ನು ಬಿಟ್ಟುಬಿಡುವುದಕ್ಕೆ ಸಂಕೋಚ ಬೇಡ, ಹಿಂದಿನವರೂ ಎಷ್ಟನ್ನೋ ಹಾಗೆ ಬಿಟ್ಟಿದ್ದಾರೆ. ಬೇರೂರಿದ್ದನ್ನು ಗುರುತಿಸುವುದೂ ಕಷ್ಟವಲ್ಲ. ಯಾವುದೋ ಒಂದು ವರ್ಷ ದೊಡ್ಡವರು ಮರೆತಾಗ, ‘ಈ ಸಲ ಅದನ್ನು ಮಾಡೋದಿಲ್ವಾ?’ ಎಂದು ಮನೆಯ ಅತ್ಯಂತ ಕಿರಿಯರು ಕೇಳುತ್ತಾರೆ. ಅಂದಿನಿಂದ ಅದನ್ನು ಪಂಚಾಂಗದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು.